ಕರಿಯನ ಹಣೆಯ ವಿಭೂತಿ

ನಾಯಿಗಳ ಊಟ ಅಂಗಡಿಯಿಂದ ಚೀಲದಲ್ಲಿ ಬರುವುದಕ್ಕೆ ಮುಂಚಿನ ಕಾಲ ಅದು. ಒಂಟಿಕೊಪ್ಪಲಿನ ನಮ್ಮ ಬೀದಿಯ ನಾಯಿಗಳು ನಾವು ತಿಂದದ್ದನ್ನೇ ತಿನ್ನುತ್ತಿದ್ದವು. ನಮಗೆ ಬಸ್ಸಾರು ಮುದ್ದೆಯಾದರೆ ಅವಕ್ಕೂ ಬಸ್ಸಾರು ಮುದ್ದೆ, ನಮಗೆ ಉಪ್ಪಿಟ್ಟಾದರೆ ಅವಕ್ಕೂ ಅದೇ ಕರ್ಮ. ತೊಂಬತ್ತರ ದಶಕದ ಆ ಬೇಸಿಗೆ ರಜೆಯಲ್ಲಿ ನಾನು ನಾಲ್ಕನೇ ಕ್ಲಾಸು ಮುಗಿಸಿದ್ದೆ, ತಮ್ಮ ಮಂಜ ಇನ್ನೂ ಮೂಗು ಒರೆಸಿಕೊಳ್ಳುವುದನ್ನು ಕಲಿಯುತ್ತಿದ್ದ. ಬೆಳಗಾದರೆ ಬಚ್ಚಲ ಹಂಡೆಯ ಕೆಳಗೆ ತೆಂಗಿನ ಚಿಪ್ಪು ಉರಿಯುವ ವಾಸನೆ, ಅದರ ಹಿಂದೆಯೇ ಒಗ್ಗರಣೆಯ ವಾಸನೆ. ಒಗ್ಗರಣೆ ಚಟಪಟ ಅಂದ ಕೂಡಲೇ ಗೇಟಿನ ಹೊರಗೆ ಕರಿಯ ಹಾಜರು.

ಕರಿಯ ಎಲ್ಲಿಂದ ಬಂದಿತ್ತೋ ಯಾರಿಗೂ ಗೊತ್ತಿಲ್ಲ. ಕಾಡಿಗೆಯಂಥ ಮೈ, ಒಂದು ಕಿವಿ ನೆಟ್ಟಗೆ, ಇನ್ನೊಂದು ಮಡಚಿಕೊಂಡದ್ದು. ನಾವು ಲಗೋರಿ ಆಡುವಾಗ ಚೆಂಡು ಚರಂಡಿಗೆ ಬಿದ್ದರೆ ಎತ್ತಿಕೊಂಡು ಬರುತ್ತಿತ್ತು. ಆದರೆ ಯಾರ ಕೈಗೂ ಕೊಡದೆ ಬೀದಿಯುದ್ದಕ್ಕೂ ಓಡಿಸುತ್ತಿತ್ತು. ಲಗೋರಿ ಅಲ್ಲಿಗೆ ಮುಗಿದು ನಾಯಿ ಹಿಡಿಯುವ ಆಟ ಶುರುವಾಗುತ್ತಿತ್ತು. ನಮಗೆ ಎರಡನೆಯದೇ ಹೆಚ್ಚು ಇಷ್ಟ.

ಮನೆಯಲ್ಲಿ ಅದಕ್ಕಿದ್ದ ಒಬ್ಬರೇ ವಿರೋಧಿ ನಮ್ಮಜ್ಜಿ, ಅಪ್ಪಾಜಿಯ ತಾಯಿ. ನಂಜನಗೂಡಿನ ಕಡೆಯ ಹಳ್ಳಿಯವರು. ಕೊರಳಲ್ಲಿ ಲಿಂಗ, ಹಣೆ ತುಂಬ ವಿಭೂತಿ. ಕರಿಯನನ್ನು ಅವರು ಹೆಸರು ಹಿಡಿದು ಕರೆದವರಲ್ಲ. ಅವರ ಬಾಯಲ್ಲಿ ಅದು 'ಆ ಪ್ರಾಣಿ'.

"ಲಿಂಗ ಪೂಜೆ ಆಗೋ ಮನೆ ಕಣೋ ಇದು. ಆ ಪ್ರಾಣಿ ಗೇಟು ದಾಟಕೂಡ್ದು" ಎಂದು ಮೊದಲ ದಿನವೇ ಕಾನೂನು ಮಾಡಿಬಿಟ್ಟಿದ್ದರು. ಕಾನೂನು ಗೇಟಿನ ಒಳಗೆ ಮಾತ್ರ. ಗೇಟಿನ ಆಚೆ ಒಡೆದ ಮಣ್ಣಿನ ಕುಂಡದಲ್ಲಿ ಅದಕ್ಕೆ ನೀರು ತುಂಬಿಡುತ್ತಿದ್ದವರು ಅವರೇ. ಕೇಳಿದರೆ "ಕಾಗೆಗೆ ಮಡಗಿದ್ದೀನಿ" ಅನ್ನುತ್ತಿದ್ದರು.

ಆ ಬೇಸಿಗೆಯಲ್ಲಿ ಒಂದು ಸುದ್ದಿ ಹಬ್ಬಿತು. ನಾಯಿ ಹಿಡಿಯುವವರ ವ್ಯಾನು ಬಡಾವಣೆ ಬಡಾವಣೆಗೆ ಬರುತ್ತಿದೆ, ಕುತ್ತಿಗೆಗೆ ಪಟ್ಟಿ ಇಲ್ಲದ ನಾಯಿಗಳನ್ನೆಲ್ಲ ತುಂಬಿಕೊಂಡು ಹೋಗುತ್ತಿದೆ ಎಂದು. ಹೋದ ನಾಯಿ ಯಾವುದೂ ತಿರುಗಿ ಬಂದಿಲ್ಲವಂತೆ. ಎದುರು ಮನೆಯ ಗೌಡರ ಹೆಂಡತಿ ಜಯಮ್ಮ ಆಂಟಿ ಇದನ್ನು ಹೇಳಿದ ಸಂಜೆ ಮಂಜ ಊಟ ಮಾಡಲಿಲ್ಲ. ನಾನು ಅಪ್ಪಾಜಿಯ ತೋಳು ಹಿಡಿದು ಜಗ್ಗಿದೆ.

"ಅಪ್ಪಾಜಿ, ಕರಿಯಂಗೆ ಒಂದು ಪಟ್ಟಿ ತಂದ್ಕೊಡಿ."

ಅಪ್ಪಾಜಿ ಅಜ್ಜಿಯ ಕಡೆ ನೋಡಿದರು. ಬ್ಯಾಂಕಿನಲ್ಲಿ ಹತ್ತು ಜನಕ್ಕೆ ಜೋರು ಮಾಡುತ್ತಿದ್ದ ಅವರು ಮನೆಯಲ್ಲಿ ಯಾವ ಮಾತಿಗೂ ಮೊದಲು ನೋಡುತ್ತಿದ್ದುದು ಅಜ್ಜಿಯ ಮುಖವನ್ನೇ.

"ಪಟ್ಟಿ ಕಟ್ಬುಟ್ರೆ ನಮ್ಮನೆ ನಾಯಿ ಅಂತಾಗೋಯ್ತದೆ" ಎಂದರು ಅಜ್ಜಿ. "ನಾಳೆ ಒಳಿಕ್ಕೆ ಬತ್ತದೆ. ಆಮ್ಯಾಕೆ ನಾನು ಪೂಜೆನ ಯಾವ್ ಮನೇಲಿ ಮಾಡ್ಲಿ?"

ಅಲ್ಲಿಗೆ ಮಾತು ಮುಗಿಯಿತು. ನಾನು ನನ್ನ ಸ್ಕೂಲಿನ ಕೆಂಪು ರಿಬ್ಬನ್ನನ್ನೇ ಕರಿಯನ ಕುತ್ತಿಗೆಗೆ ಹೂವು ಮಾಡಿ ಕಟ್ಟಿದೆ. ಸಂಜೆಯೊಳಗೆ ಅದು ರಿಬ್ಬನ್ನನ್ನು ಅಗಿದು, ಅರ್ಧ ನುಂಗಿ, ಮಿಕ್ಕರ್ಧವನ್ನು ಬಹುಮಾನದ ಹಾಗೆ ನನ್ನ ಕಾಲ ಮೇಲೆ ತಂದು ಹಾಕಿತು.

ವ್ಯಾನು ಬಂದದ್ದು ಒಂದು ಸೋಮವಾರ ಬೆಳಿಗ್ಗೆ, ಅಜ್ಜಿ ಪೂಜೆಗೆ ಕೂತಿದ್ದ ಹೊತ್ತಿನಲ್ಲಿ. ಇಲ್ಲಿ ಅಜ್ಜಿಯ ಪೂಜೆಯ ವಿಷಯ ಸ್ವಲ್ಪ ಹೇಳಬೇಕು. ಮಿಂದು ಮಡಿಯುಟ್ಟು, ಎಡ ಅಂಗೈಯ ಮೇಲೆ ಲಿಂಗ ಇಟ್ಟುಕೊಂಡರೆ ಪೂಜೆ ಮುಗಿಯುವ ತನಕ ಒಂದು ಮಾತೂ ಆಡುತ್ತಿರಲಿಲ್ಲ, ಕೂತಲ್ಲಿಂದ ಏಳುತ್ತಲೂ ಇರಲಿಲ್ಲ. ಏನಿದ್ದರೂ 'ಹ್ಞೂಂ'ಕಾರ. ಹಾಲು ಉಕ್ಕುತ್ತಿದೆ ಅನ್ನುವುದಕ್ಕೆ ಒಂದು ರಾಗ, ಮಂಜ ಸಕ್ಕರೆ ಡಬ್ಬಿಗೆ ಕೈ ಹಾಕಿದ್ದಾನೆ ಅನ್ನುವುದಕ್ಕೆ ಇನ್ನೊಂದು ರಾಗ. ಅಮ್ಮ ಅಡುಗೆಮನೆಯಿಂದಲೇ ಅದನ್ನೆಲ್ಲ ಅರ್ಥ ಮಾಡಿಕೊಳ್ಳುತ್ತಿದ್ದರು. ಪೂಜೆ ಮುಗಿದ ಮೇಲೆ ನಾನು, ಮಂಜ ಹೋಗಿ ಹಣೆ ಕೊಟ್ಟು ನಿಲ್ಲಬೇಕು. ಅಜ್ಜಿ ಮೂರು ಬೆರಳಿಂದ ತಣ್ಣಗೆ ವಿಭೂತಿ ಎಳೆದ ಮೇಲೇ ತಿಂಡಿ.

ಬೀದಿಯಲ್ಲಿ ಗಲಾಟೆ ಕೇಳಿ ನಾವು ಹೊರಗೆ ಓಡಿದೆವು. ಖಾಕಿ ಚಡ್ಡಿಯ ಒಬ್ಬ ಉದ್ದನೆಯ ಕೋಲಿನ ತುದಿಗೆ ತಂತಿಯ ಕುಣಿಕೆ ಹಿಡಿದುಕೊಂಡು ಕರಿಯನ ಹಿಂದೆ ಬಿದ್ದಿದ್ದ. ಕರಿಯ ಇದೂ ಒಂದು ಆಟವೆಂದುಕೊಂಡು ಒಂದು ಸುತ್ತು ಕುಣಿಯಿತು. ಕುಣಿಕೆ ಬಾಲಕ್ಕೆ ತಾಗಿದಾಗ ಅದಕ್ಕೆ ಎಲ್ಲ ತಿಳಿಯಿತು. ಕುಂಯ್ ಎಂದು ಚೀರಿ ನಮ್ಮ ಗೇಟಿನೊಳಕ್ಕೆ ನುಗ್ಗಿತು. ಜಗಲಿ ದಾಟಿತು, ನಡುಮನೆ ದಾಟಿತು, ಸೀದಾ ದೇವರ ಮನೆಗೆ ಹೋಗಿ ಅಜ್ಜಿಯ ತೊಡೆಯ ಪಕ್ಕ ಮುಖ ತೂರಿಸಿಬಿಟ್ಟಿತು.

ಹಿಂದೆಯೇ ಓಡಿಬಂದ ನಾವು ನಡುಮನೆಯ ಬಾಗಿಲಲ್ಲೇ ಕಲ್ಲಾದೆವು. ನಿಜ ಹೇಳುತ್ತೇನೆ, ಆ ಗಳಿಗೆಯಲ್ಲಿ ವ್ಯಾನಿನವನಿಗಿಂತ ಅಜ್ಜಿಯ ಭಯವೇ ನನಗೆ ಹೆಚ್ಚಾಗಿತ್ತು. ಅಮ್ಮ ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದು ಬಾಯಿ ಮೇಲೆ ಕೈಯಿಟ್ಟುಕೊಂಡರು.

"ಸಾರ್, ನಾಯಿ ಒಳಿಕ್ಕೆ ಬಂತಲ್ಲ, ಈಚಿಕ್ ಕಳ್ಸಿ" ಎಂದ ಖಾಕಿ ಚಡ್ಡಿಯವನು, ಗೇಟಿನ ಹತ್ತಿರ ನಿಂತು.

ಅಪ್ಪಾಜಿ ಅರ್ಧ ಗಡ್ಡದಲ್ಲಿ ಸೋಪಿನ ನೊರೆ ಹಚ್ಚಿಕೊಂಡೇ ಹೊರಗೆ ಬಂದಿದ್ದರು. "ಅದು... ಏನಪ್ಪಾ ಅಂದ್ರೆ..."

"ನಿಮ್ದಾ ಸಾರ್ ನಾಯಿ?"

ಅಪ್ಪಾಜಿಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ. ನಿಜ ಹೇಳುವುದಕ್ಕೂ ಆಗಲಿಲ್ಲ. ನಮ್ಮದಲ್ಲ ಅಂದರೆ ಕರಿಯ ವ್ಯಾನಿಗೆ, ನಮ್ಮದು ಅಂದರೆ ಅಜ್ಜಿಯ ಕಾನೂನು ಮುರಿದ ಹಾಗೆ. ಅವರು ಒಳಗೆ ತಿರುಗಿ ನೋಡಿದರು. ಮಂಜ ಜೋರಾಗಿ ಅಳುತ್ತಾ "ನಮ್ದೇ! ನಮ್ದೇ!" ಎಂದು ಕೂಗಿದ.

"ನಿಮ್ದಾದ್ರೆ ಪಟ್ಟಿ ಎಲ್ಲಯ್ಯಾ?"

ಅಷ್ಟು ಹೊತ್ತಿಗೆ ದೇವರ ಮನೆಯಿಂದ "ಹ್ಞೂಂ" ಎಂದು ಕೇಳಿಸಿತು. ಅಲ್ಲಿಯವರೆಗೆ ನಮ್ಮ ಮನೆಯಲ್ಲಿ ಯಾರೂ ಕೇಳಿರದ ರಾಗ. ನಾನು ತಿರುಗಿ ನೋಡಿದೆ. ಅಜ್ಜಿಯ ಎಡಗೈಯಲ್ಲಿ ಲಿಂಗ ಹಾಗೇ ಇತ್ತು. ಬಲಗೈಯ ಮೂರು ಬೆರಳಲ್ಲಿ ಆಗಷ್ಟೇ ತೇಯ್ದ ವಿಭೂತಿ. ಆ ಬೆರಳುಗಳನ್ನು ಕರಿಯನ ಹಣೆಯ ಮೇಲಿಟ್ಟು, ನಮಗೆ ಎಳೆಯುವ ಹಾಗೆಯೇ, ಈ ಕಡೆಯಿಂದ ಆ ಕಡೆಗೆ ನಿಧಾನವಾಗಿ ಎಳೆದರು. ಆಮೇಲೆ ಲಿಂಗವನ್ನು ಕಣ್ಣಿಗೊತ್ತಿಕೊಂಡು ಕೊರಳಿನ ಬೆಳ್ಳಿ ಕರಡಿಗೆಯಲ್ಲಿಟ್ಟು ಎದ್ದರು. ಪೂಜೆಯ ನಡುವೆ ಅವರು ಎದ್ದದ್ದನ್ನು ಅಪ್ಪಾಜಿಯೂ ಅದೇ ಮೊದಲು ನೋಡಿದ್ದು.

ಅಜ್ಜಿ ಜಗಲಿಗೆ ಬಂದು ನಿಂತರು. ಸೀರೆಯ ಅಂಚಿಗೆ ಅಂಟಿಕೊಂಡು ಕರಿಯನೂ ಬಂತು, ಕಪ್ಪು ಹಣೆಯಲ್ಲಿ ಬೆಳ್ಳಗೆ ಮೂರು ಗೆರೆ. ಮಾತು ಇನ್ನೂ ಆಡುವ ಹಾಗಿಲ್ಲ. ಅಜ್ಜಿ ಕರಿಯನ ಹಣೆಗೆ ಬೆರಳು ತೋರಿಸಿದರು, ತಮ್ಮ ಹಣೆಗೆ ತೋರಿಸಿದರು, ಸೊಂಟಕ್ಕೆ ಕೈ ಕೊಟ್ಟು ಆ ಮನುಷ್ಯನನ್ನೇ ನೋಡುತ್ತ ನಿಂತರು.

ಅವನು ಒಂದು ಸಲ ಅಜ್ಜಿಯನ್ನು, ಒಂದು ಸಲ ನಾಯಿಯನ್ನು ನೋಡಿದ. ತುಟಿಯ ಕೊನೆಯಲ್ಲಿ ನಗು ತಡೆಯಲಾಗಲಿಲ್ಲ. ವ್ಯಾನಿನಲ್ಲಿದ್ದವನು "ಏನಣ್ಣಾ ತಡ?" ಎಂದು ಕೂಗಿದ.

"ಇದು ಅಜ್ಜಿ ಮನೇದು ಬುಡೋ" ಎಂದು ಇವನು ಕೋಲು ಕೆಳಗಿಳಿಸಿದ. "ಇದರ ಪಟ್ಟಿ ಹಣೆ ಮೇಲದೆ." ಅಜ್ಜಿಗೆ ಕೈಮುಗಿದು "ಬತ್ತೀನಿ ಕಣಜ್ಜಿ" ಎಂದು ಹೊರಟುಹೋದ.

ಮಂಜ ಕರಿಯನನ್ನು ತಬ್ಬಿಕೊಂಡು ನೆಲದ ಮೇಲೆ ಉರುಳಾಡಿದ. ಅಜ್ಜಿ ಏನೂ ಆಗಿಲ್ಲವೆಂಬಂತೆ ಬಚ್ಚಲಿಗೆ ಹೋಗಿ ಮತ್ತೆ ಮಿಂದರು, ಮತ್ತೆ ಮೊದಲಿಂದ ಪೂಜೆಗೆ ಕೂತರು. ಉಪ್ಪಿಟ್ಟು ಆರಿ ಕಲ್ಲಾಯಿತು. ಹೊಟ್ಟೆ ತಾಳ ಹಾಕುತ್ತಿದ್ದರೂ ಆ ದಿನ ನಾವು ಯಾರೂ ಗೊಣಗಲಿಲ್ಲ. ಪೂಜೆ ಮುಗಿಸಿ ಬಾಯಿ ಬಿಟ್ಟಾಗ ಅಜ್ಜಿಯ ಮೊದಲ ಮಾತು, "ಆ ಪ್ರಾಣಿ ಏನಾರ ತಿಂತಾ?" ಎರಡನೆಯದು ಅಪ್ಪಾಜಿಗೆ: "ಸಾಯಂಕಾಲ ಬರುವಾಗ ಒಂದ್ ಪಟ್ಟಿ ತತ್ತಾ. ಇದಕ್ಕೇಂತ ದಿನಾ ಎರಡೆರಡು ಸಲ ಮೀಯಕಾಗಲ್ಲ ನಂಗೆ."

ಪಟ್ಟಿ ಬಂತು. ಆದರೆ ಮರುದಿನ ನಾವು ವಿಭೂತಿಗೆ ನಿಂತಾಗ ನಮ್ಮ ಹಿಂದೆ, ದೇವರ ಮನೆಯ ಹೊಸ್ತಿಲ ಆಚೆ, ಕರಿಯನೂ ಬಂದು ಕೂತಿತ್ತು, ತಲೆ ತಗ್ಗಿಸಿಕೊಂಡು. ಅಜ್ಜಿ "ಶಿವನೇ, ಇದಕ್ಕೂ ಅಭ್ಯಾಸ ಆಗೋಯ್ತಲ್ಲಪ್ಪ" ಎಂದು ಬೈಯುತ್ತಲೇ ಮೂರು ಬೆರಳು ಎಳೆದರು. ಅಂದಿನಿಂದ ಅದು ದಿನಚರಿಯಾಯಿತು. ಮೊದಲು ನಾನು, ಆಮೇಲೆ ಮಂಜ, ಕೊನೆಗೆ ಕರಿಯ.

ಇದರಿಂದ ಪೇಚಿಗೆ ಸಿಕ್ಕವರು ಜಯಮ್ಮ ಆಂಟಿ. ಭಾನುವಾರ ಅವರ ಮನೆಯಲ್ಲಿ ಮಟನ್ ಸಾರಿನ ಘಮ ಎದ್ದರೆ ಕರಿಯ ಅಲ್ಲಿಗೂ ಹಾಜರು.

"ವಿಭೂತಿ ಇಟ್ಕೊಂಡ್ ಬಂದ್ಬುಟ್ರೆ ನಾನು ಎಂಗವ್ವ ಮೂಳೆ ಹಾಕ್ಲಿ? ನಂಗೆ ಪಾಪ ಸುತ್ಕೊಳಲ್ವಾ?" ಎಂದು ಆಂಟಿ ಮೊದಲು ಸೆರಗಿನಿಂದ ಅದರ ಹಣೆ ಒರೆಸುತ್ತಿದ್ದರು, ಆಮೇಲೆ ಮೂಳೆ ಹಾಕುತ್ತಿದ್ದರು. ಸಂಜೆ ಕರಿಯ ಬೋಳು ಹಣೆಯಲ್ಲಿ ಮನೆಗೆ ಬಂದರೆ ನಾನು, ಮಂಜ ಉಸಿರು ಬಿಗಿಹಿಡಿದು ಅಜ್ಜಿಯ ಮುಖ ನೋಡುತ್ತಿದ್ದೆವು. ಅಜ್ಜಿ ಎದುರು ಮನೆಯ ಕಡೆ ಒಂದು ಸಲ ಕಣ್ಣು ಹಾಯಿಸಿ, "ಭಾನುವಾರ ಬಿಸ್ಲು ಜಾಸ್ತಿ ಕಣಮ್ಮ. ಬೆವ್ರಿಗೆ ಅಳಿಸೋಯ್ತದೆ" ಎಂದು ಹೂಬತ್ತಿ ಹೊಸೆಯುವುದನ್ನು ಮುಂದುವರಿಸುತ್ತಿದ್ದರು.

ನಾನು ಕಾಲೇಜಿಗೆ ಸೇರಿದ ವರ್ಷ ಅಜ್ಜಿ ಹೋದರು. ಕರಿಯನಿಗೂ ಆಗ ವಯಸ್ಸಾಗಿತ್ತು, ಮೂತಿಯೆಲ್ಲ ನರೆತಿತ್ತು. ಮಣ್ಣು ಮಾಡಿ ಬಂದ ಮರುದಿನ ಬೆಳಿಗ್ಗೆ ಮನೆ ತುಂಬ ನೆಂಟರು, ಯಾರಿಗೂ ಯಾವುದರ ನೆನಪೂ ಇಲ್ಲ. ಕರಿಯ ಮಾತ್ರ ಹೊತ್ತಿಗೆ ಸರಿಯಾಗಿ ಬಂದು ಹೊಸ್ತಿಲ ಆಚೆ ತಲೆ ತಗ್ಗಿಸಿ ಕೂತಿತು. ಕರೆದರೆ ಬರಲಿಲ್ಲ. ಅಮ್ಮ ಹಾಲನ್ನ ಇಟ್ಟರೆ ಮೂಸಲೂ ಇಲ್ಲ. ಅಪ್ಪಾಜಿ ಅದನ್ನೇ ನೋಡುತ್ತ ಬಹಳ ಹೊತ್ತು ನಿಂತಿದ್ದರು. ಬ್ಯಾಂಕಿಗೆ ಹೊತ್ತಾಯಿತು ಎಂದು ಜೀವಮಾನವಿಡೀ ಪೂಜೆ ತಪ್ಪಿಸಿಕೊಂಡು ಅಜ್ಜಿಯ ಬೈಗುಳ ತಿಂದ ಮನುಷ್ಯ ಹೋಗಿ ಸ್ನಾನ ಮಾಡಿ ಬಂದು, ಅಜ್ಜಿಯ ಮಣೆಯ ಮೇಲೆ ಕೂತರು. ಪೂಜೆ ಮುಗಿಸಿ ಕರಿಯನ ಹಣೆಗೆ ವಿಭೂತಿ ಎಳೆದಾಗ ಗೆರೆ ಸೊಟ್ಟಗಾಯಿತು. ಕರಿಯ ಅದಕ್ಕೆ ತಕರಾರು ಮಾಡಲಿಲ್ಲ, ಎದ್ದು ಹೋಗಿ ಹಾಲನ್ನ ತಿಂದಿತು. ಅಪ್ಪಾಜಿ ಆಮೇಲೆ ಒಂದು ದಿನವೂ ಪೂಜೆ ತಪ್ಪಿಸಲಿಲ್ಲ.

ಈಗ ನಾನಿರುವುದು ರಾಮಕೃಷ್ಣನಗರದಲ್ಲಿ. ನಮ್ಮ ಮನೆಯಲ್ಲೂ ನಾಯಿಯಿದೆ, ಒಳ್ಳೆಯ ಜಾತಿಯದು, ಸೋಫಾದ ಮೇಲೆ ಮಲಗುವಂಥದ್ದು. ಅದನ್ನು ನಾನು ತುಂಬಾ ಪ್ರೀತಿಸುತ್ತೇನೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಬೆಳಗಿನ ಹೊತ್ತು ನಮ್ಮಲ್ಲಿ ಒಬ್ಬೊಬ್ಬರು ಒಂದೊಂದು ಗಂಟೆಗೆ ಎದ್ದು, ಕನ್ನಡಿಯಲ್ಲಿ ತಮ್ಮ ತಮ್ಮ ಮುಖ ತಾವೇ ನೋಡಿಕೊಂಡು ಹೊರಟುಬಿಡುತ್ತಾರೆ. ನಾನೂ ಹಾಗೆಯೇ. ಒಬ್ಬರ ಹಿಂದೆ ಒಬ್ಬರು ನಿಂತು, ನಮ್ಮ ಸರದಿ ಬಂದಾಗ ತಲೆ ತಗ್ಗಿಸಿ, ನೀನು ಈ ಮನೆಯವಳು ಎಂದು ದಿನವೂ ಒಂದು ತಣ್ಣನೆಯ ಕೈಯಿಂದ ಹೇಳಿಸಿಕೊಳ್ಳುತ್ತಿದ್ದೆವಲ್ಲ, ಆ ಭಾಗ್ಯ ನನ್ನ ಮಕ್ಕಳಿಗೂ ಇಲ್ಲ, ನಮ್ಮ ನಾಯಿಗೂ ಇಲ್ಲ.