ಹೊಂಗೆಮರದ ಕೆಳಗೆ ಕಂಡ ಗ್ರಹಣ

ಮಂಡ್ಯದ ನಮ್ಮ ಬೀದಿಯ ಹೊಂಗೆಮರ ಹೂ ಬಿಟ್ಟಿದೆ. ಆ ವಾಸನೆ ಮೂಗಿಗೆ ಬಡಿದರೆ ಸಾಕು, ನನ್ನ ಕಣ್ಣು ತಾನಾಗಿ ಮರದ ಬುಡಕ್ಕೆ ಹೋಗುತ್ತದೆ. ಅಲ್ಲಿ ಬಿಸಿಲಿನ ಚುಕ್ಕೆಗಳು... ಎಲೆಯ ಸಂದಿ ಹೇಗೇ ಇರಲಿ, ಚುಕ್ಕೆ ಮಾತ್ರ ದುಂಡಗೆ. ಒಂದೊಂದೂ ಸೂರ್ಯನ ಪಡಿಯಚ್ಚು. ಇದನ್ನು ಹೇಳಿಕೊಟ್ಟವರು ಕೆರಗೋಡಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಮೇಷ್ಟ್ರು.

ಅವರಿಗೆ ಬಿಸಿಲೆಂದರೆ ಹುಚ್ಚು. "ನೀವು ನೆಕ್ಕೋ ಬೆಲ್ಲ ಬ್ಯಾರೆ ಏನಲ್ಲ ಕಣ್ರಲಾ, ಕಬ್ಬು ಕುಡ್ದಿಟ್ಟ ಬಿಸ್ಲು" ಎನ್ನುತ್ತಿದ್ದರು. ನಾವು ಕಿಸಕ್ಕನೆ ನಗುತ್ತಿದ್ದೆವು.

ಎರಡನೇ ಮಹಾಯುದ್ಧದ ಕಾಲ. ಆ ವರ್ಷ ಭೀಮನ ಅಮಾವಾಸ್ಯೆಯ ದಿನವೇ ಸೂರ್ಯಗ್ರಹಣ ಬಂತು. ಗ್ರಹಣವೆಂದರೆ ನಮ್ಮೂರಲ್ಲಿ ಮಕ್ಕಳನ್ನು ಒಳಗೆ ಕೂಡಿ ಕದ ಹಾಕುತ್ತಿದ್ದರು. ಮೇಷ್ಟ್ರು ಮನೆಮನೆಗೆ ಹೋಗಿ, ಅದು ರಾಹುವಲ್ಲ, ಚಂದ್ರ ಅಡ್ಡ ಬರುವುದು ಅಷ್ಟೇ, ಮಕ್ಕಳನ್ನು ಕಳಿಸಿ ಎಂದು ಕೇಳಿಕೊಂಡರು. ನಮ್ಮವ್ವ ಸುಲಭಕ್ಕೆ ಬಗ್ಗುವ ಹೆಂಗಸಲ್ಲ.

"ನನ್ ಮಗೀಗೆ ಏನಾರಾ ಆದ್ರೆ?"

"ಯಾರ್ಗೇ ಏನಾದ್ರೂ ಇಸ್ಕೂಲ್ಗೆ ಬೀಗ ಹಾಕ್ಬುಡಿ ಕಣವ್ವ. ನಾನು ಊರು ಬುಟ್ಟೋಯ್ತೀನಿ."

ಇಸ್ಕೂಲಿನ ಮುಂದಿದ್ದ ಹೊಂಗೆಮರದಡಿ ನಮ್ಮನ್ನು ತಲೆ ತಗ್ಗಿಸಿ ಕೂರಿಸಿದರು. ಆಷಾಢದ ಮೋಡ ಸೂರ್ಯನನ್ನು ಮುಚ್ಚುತ್ತ, ಬಿಡುತ್ತ ಸತಾಯಿಸುತ್ತಿತ್ತು. ಮೋಡ ಯಾವಾಗ ಸರಿಯುತ್ತದೋ ಎಂದು ಅವರು ಬರಿಗಣ್ಣಿನಲ್ಲಿ ಮೇಲೆ ನೋಡುತ್ತಲೇ ಇದ್ದರು. "ಬಂತು, ಬಂತು! ನೆಲ ನೋಡ್ರಲಾ, ತಲೆ ಎತ್ತಬ್ಯಾಡಿ!" ಅಬ್ಬಬ್ಬಾ, ದುಂಡು ಚುಕ್ಕೆಗಳೆಲ್ಲ ಕುಡುಗೋಲಿನ ಹಾಗೆ ಬಾಗಿದ್ದವು! ನಮ್ಮಲ್ಲಿ ಯಾರಿಗೂ ಏನೂ ಆಗಲಿಲ್ಲ.

ಆದದ್ದು ಅವರಿಗೆ. ಮಾರನೆಯ ದಿನದಿಂದ ಎತ್ತ ನೋಡಿದರೂ ನಟ್ಟನಡುವೆ ಕಪ್ಪು ಮಚ್ಚೆ. ಸುತ್ತಲಿನ ಅಂಚು ಕಾಣುತ್ತಿತ್ತು, ಎದುರಿನ ಮುಖ ಕಾಣುತ್ತಿರಲಿಲ್ಲ. ಮುಖ ಕೊಟ್ಟು ಮಾತಾಡುವುದಿಲ್ಲ, ಮೇಷ್ಟ್ರಿಗೆ ಕೊಬ್ಬು ಬಂದಿದೆ ಎಂದಿತು ಊರು. ಸಂಜೆ ಅವರ ಹೆಂಡತಿ ನನ್ನನ್ನು ಕರೆದು ಪಾಠ ಓದಿಸುತ್ತಿದ್ದರು; ಮೇಷ್ಟ್ರು ಕೇಳಿ ಬಾಯಿಪಾಠ ಮಾಡಿಕೊಳ್ಳುತ್ತಿದ್ದರು. ಯಾಕೆಂದು ಒಂದು ದಿನ ಮೇಷ್ಟ್ರನ್ನೇ ಕೇಳಿಬಿಟ್ಟೆ.

"ಬಿಸ್ಲು ಕಣ್ಣ ಸುಟ್ಟದೆ ಕಣವ್ವ. ಊರ್ಗೆ ಗೊತ್ತಾದ್ರೆ ರಾಹು ಅಂದ್ಬುಡ್ತಾರೆ. ಆಮೇಲೆ ಒಂದು ಮಗೂನೂ ಈಚೆ ಬುಡಾಕಿಲ್ಲ. ನೀನು ಬಾಯಿ ಬುಡಬ್ಯಾಡ."

ಹೆಚ್ಚು ದಿನ ನಡೆಯಲಿಲ್ಲ. ಇಸ್ಕೂಲ್ ಇನ್‌ಸ್ಪೆಕ್ಟರು ಬಂದು ಕಾಗದವೊಂದನ್ನು ಕೈಗೆ ಕೊಟ್ಟು ಓದಿ ಎಂದರು. ಮೇಷ್ಟ್ರು ಅದನ್ನು ಹಿಡಿದು ನಿಂತೇ ಇದ್ದರು. ಕೊನೆಗೆ ನಮ್ಮೆಲ್ಲರ ಎದುರಿಗೆ, "ನಮ್ಮಪ್ಪಂಗೂ ಹಿಂಗೇ ಆಗಿತ್ತು ಸ್ವಾಮಿ, ವಂಶದ ಕಾಯ್ಲೆ" ಎಂದರು. ಸುಳ್ಳು ಎಂದರೆ ಬೆತ್ತ ಎತ್ತುತ್ತಿದ್ದ ಮನುಷ್ಯ! ಕೆಲಸ ಹೋಯಿತು. ಇಸ್ಕೂಲಿಗೆ ಯಾರೂ ಬೀಗ ಹಾಕಲಿಲ್ಲ. ಗಂಡ ಹೆಂಡತಿ ಗಾಡಿ ಹತ್ತಿ ಮಳವಳ್ಳಿಗೆ, ಆಕೆಯ ತವರಿಗೆ ಹೋದರು. ಸ್ವಾತಂತ್ರ್ಯ ಬಂದ ವರ್ಷ ಮೇಷ್ಟ್ರು ಅಲ್ಲೇ ತೀರಿಕೊಂಡರಂತೆ.

ಮೊನ್ನೆ ಸೂರ್ಯಗ್ರಹಣ. ಸೊಸೆ ಮೊಮ್ಮಗಳನ್ನು ಕೋಣೆಯೊಳಗೆ ಬಿಟ್ಟು ಚಿಲಕ ಹಾಕಿದಳು. ನನಗೆ ತಡೆಯಲಾಗಲಿಲ್ಲ. ಇಷ್ಟು ವರ್ಷ ಯಾರಿಗೂ ಹೇಳದ್ದನ್ನು ಸೊಸೆಗೆ ಹೇಳಿದೆ, ಒಂದೂ ಬಿಡದೆ. ಅವಳು ಕೈಯಲ್ಲಿದ್ದ ಕೆಲಸ ಬಿಟ್ಟು ಕೇಳಿದಳು, ಕಣ್ಣಲ್ಲಿ ನೀರು ತಂದುಕೊಂಡಳು.

"ಅಯ್ಯೋ ಪಾಪ... ನೋಡುದ್ರಾ ಅತ್ತೆ, ಅಂಥಾ ಒಳ್ಳೇರ್ನೂ ಬುಡ್ಲಿಲ್ಲ ರಾಹು" ಎಂದು ಎದ್ದು ಹೋಗಿ, ಚಿಲಕ ಸರಿಯಾಗಿ ಬಿದ್ದಿದೆಯೇ ಎಂದು ಇನ್ನೊಮ್ಮೆ ಎಳೆದು ನೋಡಿದಳು.