ಗಂಧದ ಕಲ್ಲಿನ ಮೇಲೆ ಕ್ಷೌರದ ಕತ್ತಿ

ಜಟ್ಟಿಂಗಪ್ಪನಿಗೆ ಹಿಡಿಸಿದ ವಸ್ತು ಹೊಸನಗರ ತಾಲ್ಲೂಕಿನಲ್ಲಿ ಒಂದೂ ಇರಲಿಲ್ಲ. ಚಹಾ ಎಂದರೆ ಅವನ ಪ್ರಕಾರ ಪಾತ್ರೆ ತೊಳೆದ ನೀರು. ಬಸ್ಸು ಕಾಲಿಲ್ಲದವರ ಗಾಡಿ. ಸಾಗರದವರು ಬಾಯಿಬಡುಕರು, ತೀರ್ಥಹಳ್ಳಿಯವರು ಬಿಗುಮಾನದವರು. ಇನ್ನು ಸ್ವಂತ ಊರಿನವರ ಬಗ್ಗೆ ಮಾತಾಡುವುದೇ ದಂಡ. ನಗರವೆಂಬ ಕೋಟೆಯೂರಿನ ರಸ್ತೆಯಲ್ಲಿ ಅವನು ಮಾಡುತ್ತಿದ್ದುದು ಇನ್ನೊಬ್ಬರ ಗದ್ದೆ, ಅದೂ ಗೇಣಿಗೆ. ಗತ್ತು ಮಾತ್ರ ಅಲ್ಲಿಯ ಕೋಟೆ ಕಟ್ಟಿಸಿದವನದು.

ಇಂಥವನು ವಾರಕ್ಕೊಮ್ಮೆ ಹೊಸನಗರದ ಪೇಟೆಗೆ ನಡೆದು, ಸುಬ್ಬಪ್ಪನ ಕ್ಷೌರದಂಗಡಿಯಲ್ಲಿ ಕತ್ತು ಎತ್ತಿ ಕೂರುತ್ತಿದ್ದನೆಂಬುದೇ ಆಶ್ಚರ್ಯ. ಸುಬ್ಬಪ್ಪನೂ ದೊಡ್ಡ ಮನುಷ್ಯನೇನಲ್ಲ. ತಾಲ್ಲೂಕಿನ ಅರ್ಧ ಸುಳ್ಳು ಅವನ ಕುರ್ಚಿಯಲ್ಲಿ ಹುಟ್ಟುತ್ತಿತ್ತು, ಉಳಿದರ್ಧ ಅಲ್ಲಿ ಬೆಳೆಯುತ್ತಿತ್ತು. ಅರವತ್ತನಾಲ್ಕನೇ ಇಸವಿಯ ಒಂದು ದಿನ, ಅರ್ಧ ಮುಖ ಮುಗಿದಿದ್ದಾಗ, ಕತ್ತಿ ಮೊಂಡಾಗಿದೆಯೆಂದು ಜಟ್ಟಿಂಗಪ್ಪ ಗೊಣಗಿದ.

“ಕತ್ತಿ ಸರಿ ಇದೆ ಜಟ್ಟಿಂಗಪ್ಪಣ್ಣ. ನಿಮ್ಮ ಕೆನ್ನೆ ಗುಳಿ ಬಿದ್ದಿದೆ. ಅದಕ್ಕೆ ಕತ್ತಿ ಎಂತ ಮಾಡ್ತದೆ?”

ಬೆಂಚಿನ ಮೇಲೆ ಕಾಯುತ್ತಿದ್ದವರು ನಕ್ಕರು. ಜಟ್ಟಿಂಗಪ್ಪ ಎದ್ದ, ಸೋಪಿನ ನೊರೆಯನ್ನು ಹೆಗಲ ಮೇಲಿನ ಪಂಚೆಯಲ್ಲಿ ಒರೆಸಿಕೊಂಡು, ಅರ್ಧ ಮುಖದಲ್ಲೇ ಮನೆಗೆ ನಡೆದ. ಇನ್ನು ಆ ಕುರ್ಚಿಯಲ್ಲಿ ಕೂತರೆ ತಾನು ತನ್ನಪ್ಪನ ಮಗನಲ್ಲ ಎಂದು ಹೆಂಡತಿ ಮಾಸ್ತಮ್ಮನಿಗೆ ಹೇಳಿದ.

ಆ ಹೊತ್ತಿಗೆ ಬ್ಲೇಡು ಹಾಕುವ ರೇಜರು ಅಂಗಡಿಗಳಲ್ಲಿ ಸಿಗುತ್ತಿತ್ತು. ಅದನ್ನು ಅವನು ಕೊಬ್ಬರಿ ತುರಿಯುವ ಸಾಮಾನು ಎಂದು ಕರೆದು ಬದಿಗಿಟ್ಟ. ಸಾಗರದ ಸಂತೆಯಿಂದ ಕೊಂಬಿನ ಹಿಡಿಯ, ಮಡಚುವ ಹಳೆಯ ಕ್ಷೌರದ ಕತ್ತಿಯೊಂದನ್ನು ತಂದ. ಅದರ ಅಲಗು ಸತ್ತೇಹೋಗಿತ್ತು. ಅದಕ್ಕೇನು, ಮಸೆದರಾಯಿತು ಎಂದುಕೊಂಡ.

ಮಸೆಯುವುದರಲ್ಲಿ ತನ್ನನ್ನು ಮೀರಿಸುವವರಿಲ್ಲವೆಂದು ಅವನ ನಂಬಿಕೆ. ಕುಡುಗೋಲಿನ ಮಟ್ಟಿಗೆ ಅದು ನಿಜವೂ ಹೌದು, ತೊಂದರೆ ಬಂದದ್ದೂ ಅದರಿಂದಲೇ. ನಮ್ಮ ಕಡೆ ಕುಡುಗೋಲು ಮಸೆಯುವುದು ಮರದ ಹಲಗೆಯ ಮೇಲೆ ಬೆಣಚುಕಲ್ಲಿನ ಪುಡಿ ಉದುರಿಸಿ. ಅಲಗಿನ ಬೆನ್ನನ್ನು ಕೊಂಚ ಎತ್ತಿ, ಅಂಚನ್ನು ಮಾತ್ರ ಹಲಗೆಗೆ ಒತ್ತಬೇಕು. ಕ್ಷೌರದ ಕತ್ತಿಯ ಲೆಕ್ಕ ಬೇರೆ. ಅದರ ಬೆನ್ನು ದಪ್ಪ, ನಡುವೆ ತಗ್ಗು. ಕಲ್ಲಿನ ಮೇಲೆ ಮಲಗಿಸಿದರೆ ಬೆನ್ನೂ ಅಂಚೂ ಒಟ್ಟಿಗೆ ತಾಗುತ್ತವೆ. ಎಷ್ಟು ಓರೆಯಲ್ಲಿ ಮಸೆಯಬೇಕೆಂಬುದನ್ನು ಆ ದಪ್ಪವೇ ತೀರ್ಮಾನಿಸುತ್ತದೆ, ಕೈಗೆ ಅಲ್ಲಿ ಅಧಿಕಾರವಿಲ್ಲ. ಅಧಿಕಾರವಿಲ್ಲದ ಕೆಲಸ ಜಟ್ಟಿಂಗಪ್ಪನ ಕೈಗೆ ತಿಳಿಯದು. ಅವನು ಬೆನ್ನೆತ್ತಿ ಮಸೆದ. ಬೆಣಚಿನ ಪುಡಿ ಅಂಚನ್ನು ಗರಗಸ ಮಾಡಿತು. ಮೊದಲ ಸಲ ಕೆನ್ನೆಗೆ ಇಟ್ಟಾಗ ಕೂದಲು ಅಲ್ಲೇ ಉಳಿಯಿತು, ಚರ್ಮ ಬಂತು.

ತಪ್ಪು ಕತ್ತಿಯದೆಂದ. ಮಾಡಿದವನದೆಂದ. ಹಲಗೆ ಬಿಟ್ಟು ಹೊಳೆಯ ಕಲ್ಲು ತಂದ. ಅದೂ ಕೆಟ್ಟ ಹೊಳೆಯದೆಂದ. ಇಷ್ಟರಲ್ಲಿ ಗಡ್ಡ ಬೆಳೆಯಿತು.

ಗಡ್ಡ ಬೆಳೆದರೆ ಬೆಳೆಯಲಿ ಅನ್ನುವಂತಿರಲಿಲ್ಲ. ನಮ್ಮಲ್ಲಿ ಸಂಸಾರಸ್ಥ ಗಡ್ಡ ಬಿಡುವುದು ಮನೆಯಲ್ಲಿ ಸಾವಾದಾಗ, ಇಲ್ಲವೇ ಹೆಂಡತಿ ಬಸುರಿಯಾದಾಗ. ಮನೆಯಲ್ಲಿ ಯಾರೂ ಸತ್ತಿರಲಿಲ್ಲ. ಬಾವಿಕಟ್ಟೆಯಲ್ಲಿ ನೆರೆಮನೆಯ ಹುಲಿಗೆಮ್ಮ ಮಾಸ್ತಮ್ಮನನ್ನು ಮೇಲಿಂದ ಕೆಳಗೆ ನೋಡಿ, ಎಷ್ಟು ತಿಂಗಳಾಯಿತೆಂದು ಕೇಳಿದಳು. ಮದುವೆಗೆ ಬಂದ ಮಗಳಿರುವ ಹೆಂಗಸಿಗೆ ಇದಕ್ಕಿಂತ ಅವಮಾನ ಬೇಕೇ? ಆ ಮಗಳು ಬೆಳ್ಳಮ್ಮನನ್ನು ನೋಡಿ ಮಾತು ಮುಗಿಸಲು ಹುಡುಗನ ಅಪ್ಪ, ತೀರ್ಥಹಳ್ಳಿ ಕಡೆಯ ಸೀತಾರಾಮಪ್ಪನವರು ಬರುವ ಶುಕ್ರವಾರವೇ ಬರುವವರಿದ್ದರು. ಅವರು ಈ ಗಡ್ಡ ಕಂಡರೆ, ಹುಡುಗಿಯ ಜೊತೆಗೆ ಅವಳ ತಾಯಿಯ ಬಾಣಂತನವನ್ನೂ ಹೊರಬೇಕೇನೋ ಎಂದುಕೊಂಡು ಎದ್ದುಹೋಗುತ್ತಾರೆಂಬುದು ಮಾಸ್ತಮ್ಮನ ಸಂಕಟ. ಸುಬ್ಬಪ್ಪನನ್ನೇ ಮನೆಗೆ ಕರೆಸುತ್ತೇನೆಂದಳು. ಕರೆಸಿದರೆ ತಾನು ಮನೆ ಬಿಡುತ್ತೇನೆಂದು ಜಟ್ಟಿಂಗಪ್ಪ ಹೇಳಿದ. ಬಿಟ್ಟರೆ ಗಡ್ಡವೂ ಜೊತೆಗೆ ಹೋಗುತ್ತದಲ್ಲ ಎಂದಳು, ಆದರೂ ಕರೆಸಲಿಲ್ಲ.

ಬುಧವಾರ ದೇವರ ಪಟಕ್ಕೆ ಹಚ್ಚಿದ ಗಂಧ ಬೂದುಬಣ್ಣಕ್ಕೆ ತಿರುಗಿತ್ತು. ಮಾಸ್ತಮ್ಮ ಮೂಸಿ ನೋಡಿದಳು; ಕಬ್ಬಿಣದ ವಾಸನೆ. ಅವಳ ತವರಿನಿಂದ ಬಂದ, ಅಜ್ಜಿಯ ಕಾಲದಿಂದ ತೇಯ್ದು ತೇಯ್ದು ನುಣುಪಾಗಿದ್ದ ಗಂಧದ ಕಲ್ಲಿನ ಮೇಲೆ ಗಂಡ ಕದ್ದು ಕತ್ತಿ ಮಸೆದಿದ್ದ.

“ದೇವ್ರಿಗೂ ಗಡ್ಡ ಬಂದಿತ್ತಾ,” ಎಂದಳು, “ಚೌರದ ಕತ್ತಿನ ಅಲ್ಲಿಗೆ ತಗಂಡು ಹೋಗಕ್ಕೆ?”

ಕಲ್ಲನ್ನು ಎತ್ತಿ ಅಂಗಳಕ್ಕೆ ಇಟ್ಟಳು. ಇನ್ನು ಅದು ಒಳಗೆ ಬರುವಂತಿಲ್ಲ. ಅವನೊಡನೆ ಮಾತೂ ಬಿಟ್ಟಳು. ಜಟ್ಟಿಂಗಪ್ಪನಿಗೆ ಬೇಕಾಗಿದ್ದೂ ಅದೇ. ಅಂಗಳದಲ್ಲಿ ಕೂತು ಬಹಿರಂಗವಾಗಿ ಮಸೆಯತೊಡಗಿದ. ಕಲ್ಲು ಒಳ್ಳೆಯದು, ಆದರೆ ಬೆನ್ನು ಮತ್ತೆ ಎದ್ದೇ ಇತ್ತು.

ಬೆಳ್ಳಮ್ಮ ತಂದೆಯ ಮಗಳೇ. ಗುರುವಾರ ಮಧ್ಯಾಹ್ನದ ತನಕ ಇದನ್ನು ನೋಡಿ ನೋಡಿ, ಕೊನೆಗೆ ಪೊರಕೆ ಕೆಳಗಿಟ್ಟು ಹತ್ತಿರ ಬಂದಳು. ದಿನವೂ ಆ ಕಲ್ಲಿನ ಮೇಲೆ ಗಂಧ ತೇಯುತ್ತಿದ್ದವಳು ಅವಳು.

“ಅಪ್ಪ, ಅದೇನು ಹುಲ್ಲು ಕೊಯ್ಯಕ್ಕಾ? ಮಲಗ್ಸಿ. ಗಂಧದ ಕೊರಡು ತೇಯ್ದಂಗೆ ತೇಯ್ರಿ.”

“ನೀ ಯಾವಾಗ ಚೌರ ಕಲ್ತಿ?”

“ನೀವು ಕಲಿಯದಿದ್ರೆ ನಾ ಈ ಮನೇಲೇ ಮುದುಕಿ ಆಗ್ತೀನಿ. ಮಲಗ್ಸಿ.”

ಕತ್ತಿ ಕಿತ್ತುಕೊಂಡು ಅವಳೇ ಮಲಗಿಸಿದಳು. ನೀರು ಹನಿಸಿ, ಒತ್ತದೆ, ಅಂಚನ್ನು ಮುಂದೆ ಮಾಡಿ ತಳ್ಳಿದಳು. ತುದಿಯಲ್ಲಿ ಬೆನ್ನಿನ ಮೇಲೆಯೇ ಹೊರಳಿಸಿ ಹಿಂದಕ್ಕೆ ತಂದಳು. ಜಟ್ಟಿಂಗಪ್ಪ ಮುಖ ಬೇರೆ ಕಡೆ ತಿರುಗಿಸಿ ನೋಡಿದ. ಆಮೇಲೆ ಹಾಗೆಯೇ ಮಾಡಿದ, ಮೊದಲಿಂದಲೂ ಹಾಗೆಯೇ ಮಾಡುತ್ತಿದ್ದವನಂತೆ. ಎತ್ತಿನ ಹಳೆಯ ಗಂಟೆಪಟ್ಟಿಯ ಚರ್ಮದ ಮೇಲೆ ಅಲಗನ್ನು ಹಿಂದುಮುಂದಾಗಿ ಎಳೆದ. ಸಂಜೆಯ ಹೊತ್ತಿಗೆ ಹರಿತದ ಪರೀಕ್ಷೆಗೆ ಅವನ ಎಡ ಮುಂಗೈಯ ಕೂದಲೆಲ್ಲ ಹೋಗಿ ಬೋಳಾಗಿತ್ತು. ಗಾಯ ಒಂದೂ ಇರಲಿಲ್ಲ.

ಶುಕ್ರವಾರ ಬೆಳಿಗ್ಗೆ ಬೆಳ್ಳಮ್ಮ ಕನ್ನಡಿ ಹಿಡಿದು ನಿಂತಿದ್ದಳು. ಬಲಗೆನ್ನೆ ಮುಗಿದು ಎಡಕ್ಕೆ ಕತ್ತಿ ತಾಗಿಸುವಾಗ ಸೀತಾರಾಮಪ್ಪನವರು ಮೊದಲ ಬಸ್ಸಿಗೇ ಬಂದಿಳಿದು ಅಂಗಳಕ್ಕೆ ಕಾಲಿಟ್ಟರು. ಮಾಸ್ತಮ್ಮ ಬಾಗಿಲಲ್ಲಿ ನಿಂತು ತಲೆ ಚಚ್ಚಿಕೊಂಡಳು. ಹುಡುಗಿ ಕನ್ನಡಿ ಬಿಟ್ಟು ಓಡಬೇಕಿತ್ತು. ಅವಳು ಓಡಿದರೆ ತಂದೆಯ ಕೆನ್ನೆ ಸೀಳುತ್ತಿತ್ತು, ಕನ್ನಡಿ ಅಲುಗಲಿಲ್ಲ.

ಜಟ್ಟಿಂಗಪ್ಪನೂ ಏಳಲಿಲ್ಲ. “ಕೂತ್ಕೊಳ್ಳಿ. ಇನ್ನೊಂದು ಕೆನ್ನೆ ಉಂಟು,” ಎಂದ.

ಸೀತಾರಾಮಪ್ಪನವರು ಜಗಲಿಯಲ್ಲಿ ಕೂತರು. ಬಸ್ಸಿಳಿದು ಮರ್ಯಾದೆಗೆಂದು ಸುಬ್ಬಪ್ಪನಲ್ಲಿ ಕ್ಷೌರ ಮಾಡಿಸಿಕೊಂಡೇ ಬಂದಿದ್ದರು. ಮಾಸ್ತಮ್ಮನ ಬಸುರಿನ ಸುದ್ದಿ ಅಲ್ಲಿ ಪುಕ್ಕಟೆ ಸಿಕ್ಕಿತ್ತು. ಅವರ ಗದ್ದದ ಮೇಲೆ ರಕ್ತದ ಎರಡು ಗೆರೆ ಇದ್ದವು. ಅವರು ಒಮ್ಮೆ ಗಡ್ಡ ಇಳಿಯುವುದನ್ನು ನೋಡಿದರು, ಒಮ್ಮೆ ಅಲುಗದ ಕನ್ನಡಿಯನ್ನು. ಗುಳಿಬಿದ್ದ ಎಡಗೆನ್ನೆಯೊಳಗೆ ಕತ್ತಿ ಸದ್ದಿಲ್ಲದೆ ಇಳಿದು ಮೇಲೆ ಬಂತು. ತಮ್ಮ ಗದ್ದ ಸವರಿಕೊಂಡು, ಸುಬ್ಬಪ್ಪ ಹೇಳಿದ ಸುದ್ದಿಯೂ ಅವನ ಕತ್ತಿಯಂತೆಯೇ ನಂಬುವಂಥದ್ದಲ್ಲ ಎಂದು ತಮಗೆ ತಾವೇ ಹೇಳಿಕೊಂಡರು. ಆಮೇಲೆ, ಕತ್ತಿ ಹೀಗೆ ಮಸೆಯುವುದನ್ನು ತಮಗೂ ತೋರಿಸಬಹುದೇ ಎಂದು ಕೇಳಿದರು.

ಜಟ್ಟಿಂಗಪ್ಪ ಅವರ ಕೈಗಳನ್ನು ನೋಡಿದ. “ನಿಮ್ಮದು ಕುಡುಗೋಲಿನ ಕೈ. ಒಂದು ದಿನಕ್ಕೆ ಬರೂದಲ್ಲ.” ಕತ್ತಿ ಒರೆಸಿ ಮಡಚಿದ. “ಹೆಂಗೂ ಇವಳು ನಿಮ್ಮಲ್ಲಿಗೇ ಬರ್ತಾಳಲ್ಲ. ಇವಳ ಹತ್ರ ಕಲ್ಕಳಿ. ನಂಗೂ ಇವಳೇ ಹೇಳಿದ್ದು.”

ಮಾಸ್ತಮ್ಮ ಎರಡು ದಿನದ ನಂತರ ಮೊದಲ ಬಾರಿ ಅವನೊಡನೆ ಮಾತಾಡಿದಳು: ಕಿವಿಯ ಕೆಳಗೆ ಸೋಪು ಉಳಿದಿದೆ.

ಮದುವೆಗೆ ಸುಬ್ಬಪ್ಪ ಬಂದ. ಪದ್ಧತಿಯಂತೆ ಅವನಿಗೆ ಸಲ್ಲಬೇಕಾದ ಅಕ್ಕಿ, ಕಾಯಿ, ವೀಳ್ಯವನ್ನು ಜಟ್ಟಿಂಗಪ್ಪ ಒಂದು ಕಾಳೂ ಕಡಿಮೆಯಿಲ್ಲದೆ ಕೊಟ್ಟ. ಕೆನ್ನೆಯನ್ನು ಮಾತ್ರ ಸಾಯುವ ತನಕ ಕೊಡಲಿಲ್ಲ.