ಬಟ್ಟೆ ಹಗ್ಗದ ಜಾಗದಲ್ಲಿ ಪಾಪ್‌ಕಾರ್ನ್

ನಿವೃತ್ತನಾದ ಮೇಲೆ ಮನೆಯಲ್ಲಿ ನನಗೆ ಉಳಿದದ್ದು ಎರಡೇ ಕೆಲಸ: ಹಾಲು ತರುವುದು, ನೀರಿನ ಮೋಟಾರ್ ಆಫ್ ಮಾಡುವುದು. ಎರಡನೆಯದನ್ನು ಆಗಾಗ ಮರೆಯುತ್ತಿದ್ದೆ. ನಾನೂ ಒಂದು ಕೆಲಸಕ್ಕೆ ಬರುವವನೆಂದು ಹೆಂಡತಿಗೆ ತೋರಿಸಲೇಬೇಕೆಂಬ ಹಟ ಹುಟ್ಟಿತು. ರಾಮಮೂರ್ತಿ ನಗರದ ನಮ್ಮ ತಾರಸಿಯಲ್ಲಿ ಚೆನ್ನಾಗಿ ಬಿಸಿಲು ಬೀಳುವುದು ಅವಳು ಬಟ್ಟೆ ಹರವುವ ಮೂಲೆಗೆ ಮಾತ್ರ. ಹಗ್ಗ ಬಿಚ್ಚಿ, ಹಳೇ ಪೇಂಟ್ ಬಕೆಟ್‌ಗಳಲ್ಲಿ ಪಾಪ್‌ಕಾರ್ನ್ ಜೋಳ ಬಿತ್ತಿದೆ.

"ಒಂದು ಬಟ್ಟಲಾದ್ರೂ ತಿನ್ನಿಸ್ಬೇಕು. ಇಲ್ಲಾಂದ್ರೆ ನನ್ನ ಹಗ್ಗ ಮತ್ತೆ ಅಲ್ಲೇ" ಎಂದಳು.

ಗಿಡ ಎದೆಯುದ್ದ ಬಂತು. ಗಾಳಿ ಸಾಲದೆಂದು ದಿನಾ ಬೆಳಿಗ್ಗೆ ತುದಿಯ ಹೂವನ್ನು ನಾನೇ ಅಲ್ಲಾಡಿಸಿ, ಎಳೆ ತೆನೆಯ ಕೂದಲ ಮೇಲೆ ಪರಾಗ ಉದುರಿಸುತ್ತಿದ್ದೆ. ಕೆಳಗಿನ ಮನೆಗೆ ಬಾಡಿಗೆಗೆ ಬಂದಿದ್ದವರಿಗೆ ಶಿವಾಜಿನಗರದಲ್ಲಿ ಅಂಗಡಿ. "ಏನ್ ಸಾರ್, ಗಿಡಕ್ಕೆ ತಲೆ ಬಾಚ್ತಾ ಇದ್ದೀರಾ?" ಎಂದರು. ನಾನು ಪರಾಗಸ್ಪರ್ಶದ ಬಗ್ಗೆ ಭಾಷಣ ಬಿಗಿದೆ. ಪಾಪ, ಅವರಿಗೆ ಅಂಗಡಿ ತೆಗೆಯಲು ಹೊತ್ತಾಗಿತ್ತು.

ತೆನೆಗಳು ಗಿಡದಲ್ಲೇ ಒಣಗಿದ ಮೇಲೆ ಮುರಿದು, ಕಾಳು ಬಿಡಿಸಿದೆ. ಅಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ನಮ್ಮ ಮನೆಯಲ್ಲಿ ಹಪ್ಪಳ, ಮೆಣಸಿನಕಾಯಿ, ತೊಗರಿಬೇಳೆ ಯಾವುದೇ ಇರಲಿ, ಬೇಸಿಗೆಯ ಬಿಸಿಲು ಕಾಣದೆ ಡಬ್ಬ ಸೇರುವುದಿಲ್ಲ. ಅವಳ ಹಪ್ಪಳದ ಪಕ್ಕದಲ್ಲೇ ಹಳೇ ಪಂಚೆ ಹಾಸಿ ಕಾಳು ಹರಡಿದೆ. ಹಪ್ಪಳ ಒಣಗಿ ಒಳಗೆ ಹೋಯಿತು. ನನ್ನ ಕಾಳು ಹೋಗಲಿಲ್ಲ.

"ಸಾಕು ತೆಗೀರಿ, ಇನ್ನೂ ಎಷ್ಟು ಒಣಗಿಸ್ತೀರಾ?"

"ಒಣಗಿದಷ್ಟೂ ಒಳ್ಳೇದು ಕಣೇ. ನಿನಗೆ ಗೊತ್ತಾಗಲ್ಲ."

ಒಂದು ಭಾನುವಾರ ಕ್ರಿಕೆಟ್ ಮ್ಯಾಚ್ ನೋಡಲು ಕೆಳಗಿನವರನ್ನೆಲ್ಲ ಕರೆದೆ. ದಪ್ಪ ತಳದ ಪಾತ್ರೆಗೆ ಎಣ್ಣೆ, ಕಾಳು ಹಾಕಿ ಮುಚ್ಚಿದೆ. ಎಲ್ಲರೂ ಅಡುಗೆಮನೆ ಬಾಗಿಲಲ್ಲಿ ಕಿವಿಗೊಟ್ಟು ನಿಂತರು. ಪಟ್ ಎಂದು ಒಂದು ಸದ್ದಾಯಿತು. ಆಮೇಲೆ ಬಂದದ್ದು ಸೀದ ವಾಸನೆ. ಕಾಳಿನೊಳಗೆ ಉಳಿದ ಚೂರು ಪಸೆಯೇ ಆವಿಯಾಗಿ ಅದನ್ನು ಅರಳಿಸುವುದಂತೆ. ನಾನು ಅದನ್ನೂ ಬಿಡದೆ ಒಣಗಿಸಿದ್ದೆ. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಹೆಂಡತಿ ಬಾಣಲೆ ಇಟ್ಟು ಹಪ್ಪಳ ಕರಿದಳು. ಮ್ಯಾಚ್ ಮುಗಿಯುವ ಮುನ್ನವೇ ತಟ್ಟೆ ಖಾಲಿಯಾಯಿತು.

ಮರುದಿನ ಅವಳು ಕೇಳುವ ಮೊದಲೇ ಹೋಗಿ ಹಗ್ಗ ಕಟ್ಟಿದೆ. ಬಕೆಟ್‌ಗಳ ಮಣ್ಣು ಸುರಿಯಲು ಬಗ್ಗಿದಾಗ ಅವಳು ಒಗೆದ ಬಟ್ಟೆ ಹೊತ್ತು ಮೇಲೆ ಬಂದಳು.

"ಅದನ್ಯಾಕೆ ಖಾಲಿ ಮಾಡ್ತೀರಾ? ಗೋಡೆ ಪಕ್ಕಕ್ಕೆ ಇಡಿ, ಇನ್ನೊಂದ್ಸಲ ಹಾಕಿದ್ರಾಯ್ತು."

ಬಕೆಟ್‌ಗಳನ್ನು ಗೋಡೆ ಪಕ್ಕಕ್ಕೆ ಸರಿಸಿದೆ. ಅವಳು ಬಟ್ಟೆಯ ಬುಟ್ಟಿಯನ್ನು ನನ್ನ ಕೈಗಿಟ್ಟಳು.

"ಇನ್ಮೇಲೆ ಇದನ್ನ ನೀವೇ ಹರವಿ. ಒಣಗಿಸೋದಂತೂ ನಿಮಗೆ ಚೆನ್ನಾಗಿ ಬರುತ್ತೆ."